ಬಿಸಿಲೂರಿನಲ್ಲಿ ಯಾವುದು ಮೇಲು? ಚೀಲ, ಕೂಲರ್, ಪತ್ರಾವಳಿ, ಕಸದ ಲೆಕ್ಕ

ಪರಿಸರ ಉಳಿಸುವ ಸಲಹೆಗಳು ನಮ್ಮ ಮೊಬೈಲಿಗೆ ಬರುವುದು ಹೆಚ್ಚಾಗಿ ಬೆಂಗಳೂರಿನ ಕಡೆಯಿಂದ. ಅಲ್ಲಿ ಮೇ ತಿಂಗಳ ಸಂಜೆ ಮಳೆ ಸುರಿಯುತ್ತದೆ. ಅದೇ ಹೊತ್ತಿಗೆ ಕಲಬುರಗಿಯಲ್ಲಿ ಬಿಸಿಲು 43 ಡಿಗ್ರಿ ದಾಟಿ, ಟ್ಯಾಂಕರ್ ಇಂದು ಬರುತ್ತದೋ ನಾಳೆಯೋ ಎಂದು ಓಣಿಯವರೆಲ್ಲ ಲೆಕ್ಕ ಹಾಕುತ್ತಿರುತ್ತಾರೆ. ‘ತೊಳೆದು ಮತ್ತೆ ಬಳಸಿ’, ‘ಎರೆಹುಳು ಸಾಕಿ’, ‘ಸೈಕಲ್ ತುಳಿಯಿರಿ’ ಎಂಬ ಮಾತುಗಳು ಸುಳ್ಳಲ್ಲ. ಆದರೆ ಅವನ್ನು ಹೇಳಿದವರು ನೀರನ್ನು ಅಗ್ಗವೆಂದು ಹಿಡಿದಿರುತ್ತಾರೆ, ಬಿಸಿಲನ್ನಂತೂ ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ಎರಡು ವಸ್ತುಗಳಲ್ಲಿ ಒಂದನ್ನು ಆರಿಸಬೇಕಾದಾಗ ನಾನು ನೋಡುವುದು ಮೂರು ಸಂಗತಿ: ಇದು ಎಷ್ಟು ಸಲ ಬಳಕೆಗೆ ಬರುತ್ತದೆ, ಇದಕ್ಕೆ ಎಷ್ಟು ನೀರು ಬೇಕು, ಕೆಲಸ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ. ಕೊನೆಯ ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಮನೆಯಲ್ಲಿ ಕೇಳಿಕೊಂಡರೆ ಅರ್ಧ ಸಾಮಾನು ಕೊಳ್ಳುವುದೇ ಬೇಡವಾಗುತ್ತದೆ.

ಸಂತೆಗೆ ಯಾವ ಚೀಲ

ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರ ಮಾರ್ಚ್‌ನಿಂದಲೇ ನಿಷೇಧವಿದೆ. ಆದರೂ ಕಾಯಿಪಲ್ಯೆಯ ತಕ್ಕಡಿಯ ಪಕ್ಕದಲ್ಲಿ ಅದು ತೂಗಾಡುತ್ತಲೇ ಇದೆ. ಗಿರಾಕಿ ಬರಿಗೈಯಲ್ಲಿ ಬಂದರೆ ಮಾರುವವರು ತಾನೇ ಏನು ಮಾಡಿಯಾರು? ಅದರ ಬದಲಿಗೆ ಸಿಗುವುದು ಕಾಗದದ ಚೀಲ, ಹತ್ತಿಯ ಚೀಲ, ಮತ್ತು ಬಟ್ಟೆಯ ವೇಷ ಹಾಕಿದ ಇನ್ನೊಂದು ಚೀಲ.

ಜನ ಮೋಸ ಹೋಗುವುದು ಈ ಮೂರನೆಯದರಲ್ಲಿ. ಸೀರೆ ಅಂಗಡಿ, ಮಿಠಾಯಿ ಅಂಗಡಿಯವರು ಕೊಡುವ ಬಣ್ಣಬಣ್ಣದ ಆ ಚೀಲ ಬಟ್ಟೆಯೇ ಅಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಬಿಸಿ ಮಾಡಿ ಒತ್ತಿದ ಹಾಳೆ ಅದು. ಅದರಲ್ಲಿ ನೇಯ್ಗೆ ಇಲ್ಲ. ಅಂಚನ್ನು ಹಿಡಿದೆಳೆದರೆ ಬಟ್ಟೆಯಿಂದ ದಾರ ಬಿಚ್ಚಿ ಬರುತ್ತದೆ, ಇದು ಹಿಂಜಿದಂತೆ ಹರಿಯುತ್ತದೆ. ಇಂಥ ಚೀಲ 60 ಜಿಎಸ್‌ಎಂಗಿಂತ, ಅಂದರೆ ಚದರ ಮೀಟರಿಗೆ 60 ಗ್ರಾಂ ತೂಕಕ್ಕಿಂತ, ತೆಳ್ಳಗಿರಬಾರದು ಎಂದು ಕೇಂದ್ರ 2021ರಲ್ಲಿ ನಿಯಮ ಮಾಡಿತು. ತೆಳ್ಳಗಿನದನ್ನು ನಮ್ಮ ಬಿಸಿಲಿನಲ್ಲಿ ಗೂಟಕ್ಕೆ ನೇತುಹಾಕಿಟ್ಟರೆ ಮುಟ್ಟಿದಲ್ಲೆಲ್ಲ ಪುಡಿಯಾಗುತ್ತದೆ. ಆ ಪುಡಿಯನ್ನು ಗುಡಿಸಿ ತೆಗೆಯಲೂ ಬರುವುದಿಲ್ಲ.

ಹಾಗಾದರೆ ಹತ್ತಿ ಚೀಲ ಕೊಳ್ಳಬೇಕೆ? ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರೆ, ಭೂಮಿಯ ತಾಪ ಏರಿಸುವ ವಿಷಯದಲ್ಲಿ ಸರಿಸಮವಾಗಲು ಕಾಗದದ ಚೀಲವನ್ನು 3 ಸಲ, ಆ ವೇಷದ ಚೀಲವನ್ನು 11 ಸಲ, ಹತ್ತಿ ಚೀಲವನ್ನು 131 ಸಲ ಬಳಸಬೇಕಂತೆ. ವಾರಕ್ಕೊಂದು ಸಂತೆ ಎಂದರೆ ಎರಡೂವರೆ ವರ್ಷ. ಹತ್ತಿ ಬೆಳೆಯುವುದು ಎಷ್ಟು ನೀರು, ಎಷ್ಟು ಔಷಧ ಬೇಡುವ ಕೆಲಸವೆಂದು ಯಾದಗಿರಿಯ ರೈತರಿಗೆ ಬೇರೆ ಹೇಳಬೇಕಾಗಿಲ್ಲ. ಈ ಲೆಕ್ಕದಲ್ಲಿ ಒಂದು ಕೊರತೆಯಿದೆ: ಚರಂಡಿ ಕಟ್ಟಿಕೊಳ್ಳುವುದನ್ನು, ದನದ ಹೊಟ್ಟೆ ಸೇರುವುದನ್ನು ಅದು ಅಳೆಯುವುದಿಲ್ಲ. ಅವನ್ನು ಸೇರಿಸಿದರೆ ಹತ್ತಿಯ ಪಾಲು ಹಗುರಾಗುತ್ತದೆ. ಆದರೂ ಹೊಸ ಹತ್ತಿ ಚೀಲಗಳನ್ನು ರಾಶಿ ಹಾಕಿಕೊಳ್ಳುವುದು ಪರಿಸರದ ಕೆಲಸವಲ್ಲ. ಸಮಾರಂಭಗಳಲ್ಲಿ ಅತಿಥಿಗಳ ಹೆಸರು ಅಚ್ಚು ಹಾಕಿಸಿ ಹಂಚುವ ಚೀಲಗಳು ಎಷ್ಟು ಮನೆಗಳ ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಬಿದ್ದಿವೆಯೋ!

ನನ್ನ ಆಯ್ಕೆ: ಹಳೆಯ ಪರದೆ, ಪ್ಯಾಂಟು, ಲುಂಗಿಯಿಂದ ಹೊಲಿಸಿದ ಚೀಲ. ಅದು ಇಲ್ಲದಿದ್ದರೆ ಅಕ್ಕಿ, ಬೇಳೆ ತುಂಬಿ ಬಂದ ಹಿಡಿಕೆಯ ಚೀಲ. ಅದು ಪ್ಲಾಸ್ಟಿಕ್ಕೇ ಹೌದು, ಆದರೆ ಈಗಾಗಲೇ ತಯಾರಾಗಿ ಮನೆಗೆ ಬಂದಿದೆ, ಗಟ್ಟಿಯಾಗಿದೆ, ಹತ್ತು ಕಿಲೋ ಹೊರುತ್ತದೆ. ಅದನ್ನು ಎಸೆದು ಹೊಸ ಬಟ್ಟೆಯ ಚೀಲ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಕೂಲರ್, ಎಸಿ, ಮಾಳಿಗೆಗೆ ಸುಣ್ಣ

ನಮ್ಮ ಭಾಗದ ಅತಿ ದೊಡ್ಡ ಪ್ರಶ್ನೆ ಇದು, ಸಲಹೆ ಕೊಡುವವರ ಪಟ್ಟಿಯಲ್ಲಿ ಇಲ್ಲದಿರುವುದೂ ಇದೇ.

ಒಂದೂವರೆ ಟನ್ನಿನ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ಸುಮಾರು ಹತ್ತು ಯೂನಿಟ್ ವಿದ್ಯುತ್ ಬೇಕು. ಅದೇ ಎಂಟು ಗಂಟೆಗೆ ದೊಡ್ಡ ಕೂಲರಿಗೆ ಒಂದೂವರೆ ಯೂನಿಟ್ ಸಾಕು. ದೇಶದ ವಿದ್ಯುತ್ತಿನ ಸರಾಸರಿ ಹಿಡಿದರೆ ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ರಾತ್ರಿಗೆ ಎಸಿಯಿಂದ ಏಳು ಕಿಲೋ, ಕೂಲರಿನಿಂದ ಒಂದು ಕಿಲೋ. ಇದರ ಮೇಲೆ ಎಸಿಯೊಳಗಿನ ಅನಿಲದ ಮಾತು: ಹಳೆಯ ಯಂತ್ರಗಳಲ್ಲಿರುವ ಆರ್-22 ಸೋರಿದರೆ ಅದೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರದ ಏಳುನೂರು ಪಟ್ಟು ಹೆಚ್ಚು ತಾಪ ಏರಿಸುತ್ತದೆ; ಹೊಸ ಯಂತ್ರಗಳ ಆರ್-32 ಸುಮಾರು 675 ಪಟ್ಟು. ವರ್ಷಕ್ಕೊಮ್ಮೆ ‘ಗ್ಯಾಸ್ ತುಂಬಿಸುವುದು’ ಎಂದರೆ ಹಿಂದಿನ ಗ್ಯಾಸ್ ಗಾಳಿಗೆ ಹೋಯಿತೆಂದೇ ಅರ್ಥ. ಸೋರುವ ಜಾಗ ಮುಚ್ಚದೆ ತುಂಬುವ ಮೆಕ್ಯಾನಿಕ್‌ನನ್ನು ಬದಲಾಯಿಸಿ.

ಈ ಲೆಕ್ಕದಲ್ಲಿ ಕೂಲರ್ ಗೆದ್ದಂತೆ ಕಾಣುತ್ತದೆ. ಆದರೆ ಅದು ನೀರು ಕುಡಿಯುತ್ತದೆ. ನಮ್ಮ ಒಣಗಾಳಿಯಲ್ಲಿ ದೊಡ್ಡ ಕೂಲರ್ ಗಂಟೆಗೆ ಐದರಿಂದ ಹತ್ತು ಲೀಟರ್ ಆವಿ ಮಾಡಬಲ್ಲದು. ಒಂದು ರಾತ್ರಿಗೆ ಮೂರು ನಾಲ್ಕು ಕೊಡ. ನಲ್ಲಿ ದಿನವೂ ಬಾರದ ಬಡಾವಣೆಯಲ್ಲಿ ಇದು ಸಣ್ಣ ಮಾತಲ್ಲ. ಹಾಗೆಂದು ಎಸಿಗೆ ನೀರು ಬೇಡವೆಂದು ತಿಳಿಯಬೇಡಿ. ಕಲ್ಲಿದ್ದಲ ವಿದ್ಯುತ್ ಸ್ಥಾವರಗಳಿಗೂ ತಂಪಾಗಲು ನೀರು ಬೇಕು. ಹಳೆಯ ಸ್ಥಾವರಗಳು ಯೂನಿಟ್‌ಗೆ ಮೂರೂವರೆ ಲೀಟರ್ ಮೀರಬಾರದು ಎಂಬುದು 2015ರ ಕೇಂದ್ರದ ಮಿತಿ. ಆ ಮಿತಿಯನ್ನೇ ಹಿಡಿದರೆ ನಿಮ್ಮ ಎಸಿಯ ಹತ್ತು ಯೂನಿಟ್‌ಗೆ 35 ಲೀಟರ್. ಪಕ್ಕದ ರಾಯಚೂರಿನ ಸ್ಥಾವರ ಆ ನೀರನ್ನು ಎತ್ತುವುದು ಕೃಷ್ಣೆಯಿಂದ. ಖರ್ಚಾಗುವ ನೀರು ನಮ್ಮ ಮನೆಯ ಟ್ಯಾಂಕಿನದ್ದಲ್ಲ ಎಂಬುದಷ್ಟೇ ವ್ಯತ್ಯಾಸ.

ಆದ್ದರಿಂದ ಮಾರ್ಚ್‌ನಿಂದ ಮೇ ಕೊನೆಯವರೆಗೆ ಕೂಲರೇ ಮೇಲು, ಅದೂ ಕಿಟಕಿಯ ಹೊರಗಿಟ್ಟು ಎದುರಿನ ಕಿಟಕಿ ತೆರೆದಿಟ್ಟರೆ. ಮುಚ್ಚಿದ ಕೋಣೆಯಲ್ಲಿ ಕೂಲರ್ ಓಡಿಸಿದರೆ ಅರ್ಧ ಗಂಟೆಯಲ್ಲಿ ಜಿಗುಟು ಹಿಡಿಯುತ್ತದೆ, ಆಮೇಲೆ ‘ಕೂಲರ್ ಕೆಲಸ ಮಾಡುವುದಿಲ್ಲ’ ಎಂಬ ದೂರು. ಜೂನ್‌ನಲ್ಲಿ ಮೋಡ ಕವಿದ ಮೇಲೆ ಅದರಿಂದ ಉಪಯೋಗವಿಲ್ಲ. ಆಗ ಫ್ಯಾನ್ ಸಾಕು. ಫ್ಯಾನ್ ಹೊಸದಾಗಿ ಕೊಳ್ಳುವವರು ಬಿಎಲ್‌ಡಿಸಿ ಫ್ಯಾನ್ ನೋಡಿ: ಹಳೆಯದು 75 ವ್ಯಾಟ್ ಎಳೆಯುವಲ್ಲಿ ಇದು 30ರ ಆಸುಪಾಸಿನಲ್ಲಿ ತಿರುಗುತ್ತದೆ. ವರ್ಷದ ಬಹುಪಾಲು ಫ್ಯಾನ್ ನಿಲ್ಲದ ಊರಿನಲ್ಲಿ ಇದರಷ್ಟು ಬೇಗ ದುಡ್ಡು ಹಿಂದಿರುಗಿಸುವ ವಸ್ತು ಇನ್ನೊಂದಿಲ್ಲ.

ಗೃಹಜ್ಯೋತಿಯಲ್ಲಿ ಬಿಲ್ ಬಾರದ ಮನೆಗಳು ‘ಹೇಗಿದ್ದರೂ ಉಚಿತ’ ಎಂದು ಉರಿಸುವುದುಂಟು. ತಿಂಗಳಿಗೆ 200 ಯೂನಿಟ್ ದಾಟಿದರೆ ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂ ಪೂರ್ತಿ ಬಿಲ್ ಕಳಿಸುತ್ತದೆ. ದಿನವೂ ಎಸಿ ಓಡಿಸಿದರೆ ಅದೊಂದೇ ಆ ಗೆರೆ ದಾಟಿಸುತ್ತದೆ.

ಕೂಲರಿಗೂ ಎಸಿಗೂ ಮೊದಲು ಮಾಡಬೇಕಾದದ್ದು ಮಾಳಿಗೆಗೆ ಸುಣ್ಣ. ಫೆಬ್ರುವರಿಯಲ್ಲಿ ಎರಡು ಸಲ ದಪ್ಪಗೆ ಬಳಿದರೆ ಬಿಸಿಲು ಹೊಡೆದು ಹಿಂದಕ್ಕೆ ಹೋಗುತ್ತದೆ, ಸ್ಲ್ಯಾಬ್ ರಾತ್ರಿಯಿಡೀ ಕಾವು ಕಾರುವುದು ಕಡಿಮೆಯಾಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಬಿಳಿ ‘ಕೂಲ್ ರೂಫ್’ ಬಣ್ಣ ಹೆಚ್ಚು ವರ್ಷ ಬಾಳುತ್ತದೆ, ಆದರೆ ದುಬಾರಿ. ಸುಣ್ಣ ಮಳೆಗೆ ತೊಳೆದು ಹೋಗುತ್ತದೆ. ಹೋಗಲಿ, ಮುಂದಿನ ವರ್ಷ ಮತ್ತೆ ಬಳಿಯಿರಿ. ಬಾಡಿಗೆ ಮನೆಯವರಿಗೆ ಇದಕ್ಕಿಂತ ಸಲೀಸಾದ ದಾರಿಯಿಲ್ಲ.

ಮದುವೆ ಊಟ: ಸ್ಟೀಲ್ ತಟ್ಟೆಯೋ ಪತ್ರಾವಳಿಯೋ

ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ. ಹಾಗಾಗಿ ಅವು ಈ ಹೋಲಿಕೆಗೇ ಬರುವುದಿಲ್ಲ. ಉಳಿದದ್ದು ಬಾಡಿಗೆಯ ಸ್ಟೀಲ್ ತಟ್ಟೆ, ಬೆಳ್ಳಿ ಬಣ್ಣದ ಕಾಗದದ ತಟ್ಟೆ, ಮುತ್ತುಗದ ಎಲೆಯ ಪತ್ರಾವಳಿ.

ಬೇರೆ ಕಡೆ ಕಣ್ಣು ಮುಚ್ಚಿ ಸ್ಟೀಲ್ ಎನ್ನುತ್ತಾರೆ. ನಮ್ಮಲ್ಲಿ ಬಹಳಷ್ಟು ಮದುವೆಗಳು ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಒಬ್ಬರ ತಟ್ಟೆ, ಲೋಟ, ಬಟ್ಟಲು ತೊಳೆಯಲು ಎರಡೇ ಲೀಟರ್ ಹಿಡಿದರೂ ಸಾವಿರ ಜನರ ಊಟಕ್ಕೆ ಎರಡು ಸಾವಿರ ಲೀಟರ್. ಅಷ್ಟು ನೀರು ಸೋಪು, ಎಣ್ಣೆಯೊಂದಿಗೆ ಮಂಟಪದ ಹಿಂದಿನ ಬಯಲಿಗೆ ಹೋಗುತ್ತದೆ. ಬೇಸಿಗೆಯ ಮದುವೆಗೆ ನಾನು ಪತ್ರಾವಳಿಯ ಪರ. ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಕಟ್ಟಿದ್ದು ಸೋಪು, ನೀರು ಬೇಡುವುದಿಲ್ಲ, ತಿಪ್ಪೆಗೆ ಬಿದ್ದರೆ ಮಣ್ಣಾಗುತ್ತದೆ. ಮಳೆಗಾಲದಲ್ಲೋ ಚಳಿಗಾಲದಲ್ಲೋ ನೀರಿರುವ ಮಂಟಪದಲ್ಲಿ ಮದುವೆಯಾದರೆ ಸ್ಟೀಲ್ ಮೇಲು, ಅದರಲ್ಲಿ ಅನುಮಾನವಿಲ್ಲ. ಒಂದು ತಟ್ಟೆ ಎಷ್ಟು ಮದುವೆ ಕಂಡಿರುತ್ತದೆಯೋ ಲೆಕ್ಕವಿಲ್ಲ.

ಪತ್ರಾವಳಿ ಕೊಳ್ಳುವಾಗ ಹಿಂಬದಿ ನೋಡಿ. ಯಂತ್ರದಲ್ಲಿ ಒತ್ತಿದ ಕೆಲವು ಎಲೆಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಸಾರು ಸೋರದಿರಲಿ ಎಂದು. ಅಂಥದನ್ನು ದನ ಎಲೆಯೆಂದೇ ತಿನ್ನುತ್ತದೆ. ಬೆಳ್ಳಿ ಬಣ್ಣದ ತಟ್ಟೆ ಇವೆಲ್ಲಕ್ಕಿಂತ ಕೆಳಗೆ: ಕಾಗದದ ಮೇಲೆ ಹೊಳಪಿನ ಪದರ ಕೂತಿರುವುದರಿಂದ ರದ್ದಿಯವನೂ ಕೊಳ್ಳುವುದಿಲ್ಲ, ಮಣ್ಣೂ ಕರಗಿಸಿಕೊಳ್ಳುವುದಿಲ್ಲ.

ತಟ್ಟೆಗಿಂತ ದೊಡ್ಡ ನಷ್ಟ ಅದರಲ್ಲಿ ಉಳಿಯುವ ಅನ್ನ. ಈ ವಿಷಯದಲ್ಲಿ ನಮ್ಮ ಹಿರಿಯರ ಅಡಿಗೆಯೇ ಜಾಣತನದ್ದು. ಬಡಿಸದೆ ಉಳಿದ ಅನ್ನ, ಸಾಂಬಾರು ಮರುದಿನ ಹಳಸುತ್ತವೆ. ಕಟಕ ರೊಟ್ಟಿ ಉಳಿದರೆ ಬುಟ್ಟಿಯಲ್ಲಿ ಕಟ್ಟಿಟ್ಟು ತಿಂಗಳ ತನಕ ತಿನ್ನಬಹುದು. ಹತ್ತು ಬಗೆಯ ಬಫೆ ಇಡಿಸುವವರು ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯೆಯ ಸಾಲನ್ನು ದೊಡ್ಡದು ಮಾಡಿ, ಉಳಿದದ್ದನ್ನು ಕಿರಿದು ಮಾಡಿದರೆ ಕಸವೂ ಖರ್ಚೂ ಇಳಿಯುತ್ತವೆ.

ಕುಡಿಯಲು ಇನ್ನೂರು ಮಿಲಿಲೀಟರಿನ ಬಾಟಲಿ ಹಂಚುವ ಬದಲು ಬಾಗಿಲ ಬಳಿ ನಾಲ್ಕು ರಂಜಣಿಗೆ, ಸ್ಟೀಲ್ ಲೋಟ ಇಡಿಸಿ. ಬಿಸಿಲಿಗೆ ಅರವಟಿಗೆ ಇಡುವ ಊರಿನವರಿಗೆ ಇದು ಹೊಸದಲ್ಲ. ಅರ್ಧ ಕುಡಿದು ಬಿಟ್ಟ ಬಾಟಲಿಯಲ್ಲಿ ಉಳಿಯುವ ನೀರನ್ನಂತೂ ಯಾರೂ ಮತ್ತೆ ಮುಟ್ಟುವುದಿಲ್ಲ.

ಚಹಾ

ಗಾಜಿನ ಲೋಟವೇ ಮೇಲು. ಕಾಗದದ ಕಪ್ಪಿನ ಒಳಗೆ ಪ್ಲಾಸ್ಟಿಕ್ ಪದರವಿದೆ. ನೂರು ಮಿಲಿಲೀಟರ್ ಬಿಸಿ ದ್ರವ ಹದಿನೈದು ನಿಮಿಷ ಅದರಲ್ಲಿದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬೆರೆಯುತ್ತವೆ ಎಂದು ಖರಗ್‌ಪುರ ಐಐಟಿಯವರು 2020ರಲ್ಲಿ ಕಂಡುಕೊಂಡರು. ಮಣ್ಣಿನ ಕುಡಿಕೆಯ ಚಹಾ ನೋಡಲು ಚೆಂದ, ಆದರೆ ಒಂದು ಗುಟುಕಿಗಾಗಿ ಕುಂಬಾರರ ಆವಿಗೆಯಲ್ಲಿ ಕಟ್ಟಿಗೆ ಸುಟ್ಟು, ಕುಡಿದು ಎಸೆಯುವ ವಸ್ತು. ಅಂಗಡಿಯವನು ಲೋಟ ತೊಳೆಯುವ ಬಕೆಟ್ ನೋಡಿ ಮನಸ್ಸು ಹಿಂಜರಿದರೆ ಬಿಸಿನೀರು ಹಾಕಿಸಿಕೊಳ್ಳಿ. ಮಿರ್ಚಿ ಭಜಿಯನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿಸಿಕೊಳ್ಳುವುದು ಕಸ ಕಡಿಮೆ ಮಾಡುವ ಉಪಾಯದಂತೆ ಕಾಣುತ್ತದೆ. ಅಚ್ಚಿನ ಶಾಯಿ ಎಣ್ಣೆಗೆ ಇಳಿಯುವುದರಿಂದ ಅದೂ ಬೇಡ. ಮನೆಯಿಂದ ಡಬ್ಬಿ ಒಯ್ಯಿರಿ.

ಕುಡಿಯುವ ನೀರು

ಮನೆಯ ಆರ್‌ಓ ಯಂತ್ರ ಒಂದು ಲೀಟರ್ ಕೊಡಲು ಸುಮಾರು ಮೂರು ಲೀಟರ್ ಹೊರಗೆ ಬಿಡುತ್ತದೆ. ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಆರ್‌ಓ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತು. ನದಿಯ ನೀರು ಶುದ್ಧಗೊಂಡು ನಲ್ಲಿಗೆ ಬರುವ ಮನೆಯವರು ಮೊದಲು ಲವಣಾಂಶ ಅಳೆಸಿ. ಕಡಿಮೆಯಿದ್ದರೆ ಸೋಸಿ ಕಾಯಿಸಿದರೆ, ಇಲ್ಲವೇ ಅತಿನೇರಳೆ ಕಿರಣದಿಂದ ರೋಗಾಣು ಕೊಲ್ಲುವ ಸಾದಾ ಯುವಿ ಯಂತ್ರವಿದ್ದರೆ ಸಾಕು. ಬೇಸಿಗೆಗೆ ಗಡಿಗೆಯ ತಂಪು ಇದ್ದೇ ಇದೆ.

ಬೋರ್‌ವೆಲ್ ನೀರು ಕುಡಿಯುವವರ ಮಾತು ಬೇರೆ. ಕಲ್ಯಾಣ ಕರ್ನಾಟಕದ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಕಂಡುಬಂದಿತ್ತು. ಇವೆರಡೂ ಕಾಯಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತವೆ. ಅಂಥಲ್ಲಿ ಆರ್‌ಓ ಬೇಕೇ ಬೇಕು, ನೀರು ಪೋಲಾಗುತ್ತದೆ ಎಂಬ ಅಳುಕು ಬೇಡ. ಮನೆಗೊಂದು ಯಂತ್ರಕ್ಕಿಂತ ಊರಿನ ಶುದ್ಧ ಕುಡಿಯುವ ನೀರಿನ ಘಟಕ ಸರಿಯಾಗಿ ನಡೆಯುವಂತೆ ಪಂಚಾಯಿತಿಯ ಬೆನ್ನು ಹತ್ತುವುದು ಒಳ್ಳೆಯದು. ಯಂತ್ರ ಹೊರಗೆ ಬಿಡುವ ನೀರಿನಿಂದ ನೆಲ ಒರೆಸಬಹುದು, ಶೌಚಾಲಯಕ್ಕೆ ಹಾಕಬಹುದು. ಕೂಲರಿಗೆ ಹಾಕಿದರೆ ಹುಲ್ಲಿನ ಪ್ಯಾಡಿಗೆ ಉಪ್ಪು ಕಟ್ಟುತ್ತದೆ.

ಹಸಿ ಕಸ ಎಲ್ಲಿಗೆ

ಎಮ್ಮೆ ಇರುವ ಮನೆ ಪಕ್ಕದಲ್ಲಿದ್ದರೆ ಹೋಲಿಕೆ ಅಲ್ಲಿಗೇ ಮುಗಿಯಿತು: ಕಾಯಿಪಲ್ಯೆಯ ಸಿಪ್ಪೆ, ದಂಟು ಅವರ ಬಾನಿಗೆ. ಆದರೆ ಚೀಲದಲ್ಲಿ ಗಂಟು ಕಟ್ಟಿ ರಸ್ತೆಯಲ್ಲಿ ಇಡುವುದು ದಾನವಲ್ಲ. ಬಿಡಾಡಿ ದನ ಗಂಟು ಬಿಚ್ಚುವುದಿಲ್ಲ, ಚೀಲ ಸಮೇತ ನುಂಗುತ್ತದೆ.

ಎರೆಹುಳು ಗೊಬ್ಬರ ಬೇಡ. ಹುಳುವಿನ ಹಾಸಿಗೆ 35 ಡಿಗ್ರಿ ದಾಟಿದರೆ ಅವು ಸಾಯುತ್ತವೆ. ತೋಟದ ನೆರಳಿನಲ್ಲಿ ಗೋಣಿಚೀಲ ಹೊದಿಸಿ ನೀರು ಚಿಮುಕಿಸುತ್ತಿರುವ ರೈತರಿಗೆ ಸರಿ, ಮಾಳಿಗೆಯ ಮೇಲೆ ಡಬ್ಬಿ ಇಡುವ ನಗರದವರಿಗಲ್ಲ. ತೂತು ಕೊರೆದ ದೊಡ್ಡ ಗಡಿಗೆ ಇಲ್ಲಿಗೆ ಹೊಂದುತ್ತದೆ. ಮೆಟ್ಟಿಲ ಕೆಳಗಿನ ನೆರಳಿನಲ್ಲಿಟ್ಟು, ಒಂದು ಪದರ ಸಿಪ್ಪೆಗೆ ಎರಡು ಪದರ ಒಣ ಬೇವಿನೆಲೆ. ಮಳೆಯ ಊರುಗಳಲ್ಲಿ ಗಡಿಗೆ ನಾರುವುದು ತೇವ ಹೆಚ್ಚಾಗಿ. ನಮ್ಮಲ್ಲಿ ಆಗುವುದು ಅದರ ತಿರುಗುಮುರುಗು, ಒಣಗಿ ಗರಿಗರಿಯಾಗಿ ಕೊಳೆಯುವುದೇ ನಿಂತುಹೋಗುತ್ತದೆ. ಅಕ್ಕಿ ತೊಳೆದ ನೀರನ್ನು ಆಗಾಗ ಚಿಮುಕಿಸಿ. ಹಿಂಡಿದರೆ ಹನಿ ಬೀಳದಷ್ಟು, ಮುಟ್ಟಿದರೆ ತಂಪಾಗುವಷ್ಟು ಹಸಿ ಇರಬೇಕು.

ಗಿಡಗಳೇ ಇಲ್ಲದ ಮನೆಗೆ ಗೊಬ್ಬರದ ಹಟವೇಕೆ? ಹಸಿಯನ್ನು ಬೇರ್ಪಡಿಸಿ ಪಾಲಿಕೆಯ ಗಾಡಿಗೆ ಕೊಟ್ಟರೆ ಸಾಕು.

ಸುಡುವುದೋ, ಗಾಡಿಗೆ ಕೊಡುವುದೋ

ಬೆಳಿಗ್ಗೆ ಅಂಗಳ ಗುಡಿಸಿ, ಎಲೆಯೊಂದಿಗೆ ಗುಟ್ಕಾ ಚೀಟಿ, ಬಿಸ್ಕತ್ತಿನ ಹಾಳೆ ಸೇರಿಸಿ ಕಡ್ಡಿ ಗೀರುವವರು ಒಂದು ವಾದ ಹೂಡುತ್ತಾರೆ: ಪ್ಲಾಸ್ಟಿಕ್ ಕಸವನ್ನು ಸಿಮೆಂಟ್ ಕಾರ್ಖಾನೆಗಳಲ್ಲೂ ಸುಡುತ್ತಾರಲ್ಲ? ಹೌದು, ಮರುಬಳಕೆಯಾಗದ ಪ್ಲಾಸ್ಟಿಕ್ಕನ್ನು ಸಿಮೆಂಟ್ ಗೂಡಿನಲ್ಲಿ ಕಲ್ಲಿದ್ದಲಿನ ಬದಲು ಉರಿಸಲು ನಿಯಮಗಳಲ್ಲೇ ಅವಕಾಶವಿದೆ. ವಾಡಿ, ಸೇಡಂ, ಮಳಖೇಡದ ಹೊಗೆಕೊಳವೆಗಳನ್ನು ನೋಡುತ್ತ ಬೆಳೆದವರಿಗೆ ಈ ವಾದ ಸಹಜವಾಗಿ ಬರುತ್ತದೆ. ಆದರೆ ಆ ಗೂಡಿನೊಳಗೆ ಸಿಮೆಂಟಿನ ಕಚ್ಚಾ ಕಲ್ಲು ಬೇಯುವುದು 1,450 ಡಿಗ್ರಿಯ ಸುಮಾರಿನಲ್ಲಿ. ಅಷ್ಟು ಕಾವಿನಲ್ಲಿ ವಿಷದ ಕಣಗಳು ಮುರಿದುಹೋಗುತ್ತವೆ, ಹೊರಗೆ ಬರುವ ಹೊಗೆಗೆ ಶೋಧಕಗಳಿವೆ. ಅಂಗಳದ ಬೆಂಕಿ ಕೆಲವೇ ನೂರು ಡಿಗ್ರಿಯಲ್ಲಿ ಹೊಗೆಯಾಡುತ್ತದೆ. ಪಿವಿಸಿಯಂಥ ಪ್ಲಾಸ್ಟಿಕ್ ಅರೆಬರೆ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುವುದು ಇಂಥ ಬೆಂಕಿಯಲ್ಲೇ. ಕಸವನ್ನು ಬಯಲಿನಲ್ಲಿ ಸುಡುವುದನ್ನು ಕೇಂದ್ರದ ನಿಯಮಗಳು 2016ರಲ್ಲೇ ನಿಷೇಧಿಸಿವೆ. ಎಲೆ ಗಡಿಗೆಗೆ, ಹಾಳೆ ಒಣ ಕಸಕ್ಕೆ, ಬಾಟಲಿ, ರಟ್ಟು, ತಗಡು ಗುಜರಿಯವನಿಗೆ.

ಹೊಲ ಇರುವವರಿಗೆ ಇದೇ ಪ್ರಶ್ನೆ ತೊಗರಿ ಕಟ್ಟಿಗೆಯ ರೂಪದಲ್ಲಿ ಬರುತ್ತದೆ. ಹೊಲದಲ್ಲೇ ಸುಟ್ಟರೆ ಹೊಗೆಯೂ ಹೌದು, ಮಣ್ಣಿನ ಸತ್ವವೂ ಹೋಯಿತು. ಒಲೆಗೆ ಹಾಕಿದರೆ ಅಡಿಗೆಯವರ ಎದೆಗೆ ಹೊಗೆ. ಗ್ಯಾಸ್ ಇರುವ ಮನೆಯಲ್ಲಿ ರೊಟ್ಟಿಗೆ ಮಾತ್ರ ಹೊರಗಿನ ಒಲೆ ಉರಿಸುವುದು ನಡುದಾರಿ. ಯಂತ್ರ ಬಾಡಿಗೆಗೆ ಸಿಗುವಲ್ಲಿ ಪುಡಿ ಮಾಡಿಸಿ ಹೊಲಕ್ಕೇ ಹೊದಿಸುವುದು ಎಲ್ಲಕ್ಕಿಂತ ಮೇಲು, ತೇವ ನಿಲ್ಲುತ್ತದೆ.

ಓಡಾಟ

ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ ಐವತ್ತು ಕಿಲೋಮೀಟರ್ ಓಡುವ ಬೈಕಿನಲ್ಲಿ ಒಬ್ಬರೇ ಹೋದರೆ ಕಿಲೋಮೀಟರಿಗೆ 46 ಗ್ರಾಂ, ಇಬ್ಬರಾದರೆ ತಲಾ 23. ಲೀಟರ್ ಡೀಸೆಲ್‌ಗೆ ಐದು ಕಿಲೋಮೀಟರ್ ಓಡುವ ಬಸ್ಸಿನಲ್ಲಿ ನಲವತ್ತು ಜನರಿದ್ದರೆ ತಲಾ 13 ಗ್ರಾಂ, ಹನ್ನೆರಡೇ ಜನರಿದ್ದರೆ ಬೈಕಿನಷ್ಟೇ. ವಿದ್ಯುತ್ ಸ್ಕೂಟರ್ ಒಬ್ಬರನ್ನು ಹೊತ್ತು 20 ಗ್ರಾಂ ಸುಮಾರು, ಹೊಗೆ ಮಾತ್ರ ಓಣಿಯಲ್ಲಿ ಬಿಡುವುದಿಲ್ಲ. ಹಾಗಾಗಿ ಆಳಂದ, ಹುಮನಾಬಾದ್, ಶಹಾಪುರದಂಥ ದೂರಕ್ಕೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ಊರೊಳಗೆ ದಿನವೂ ಓಡಾಡುವವರು ಬೈಕ್ ಸವೆದ ಮೇಲೆ ವಿದ್ಯುತ್ ಸ್ಕೂಟರ್ ಕೊಳ್ಳಬಹುದು; ಚೆನ್ನಾಗಿ ಓಡುವ ಬೈಕನ್ನು ಮಾರಿ ಅಲ್ಲ. ಸೈಕಲ್ ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಆರರ ಮೇಲೆ. ಮೇ ತಿಂಗಳ ನಡುಮಧ್ಯಾಹ್ನ ಸೈಕಲ್ ತುಳಿಯಿರಿ ಎನ್ನುವವರನ್ನು ಮೊದಲು ಕಲಬುರಗಿಯ ಜಗತ್ ವೃತ್ತದಿಂದ ರೈಲು ನಿಲ್ದಾಣದವರೆಗೆ ತುಳಿಸಿ ನೋಡಬೇಕು.

ಸಣ್ಣ ಪುಟ್ಟವು

ಹಾಲು: ಗೌಳಿಯಿಂದ ಪಾತ್ರೆಗೆ ಹಾಕಿಸಿಕೊಂಡರೆ ಕಸವೇ ಇಲ್ಲ, ಆದರೆ ಹಾಲಿನ ಗುಣ ನಂಬಿಕೆಯ ಮೇಲೆ ನಿಂತದ್ದು. ಪಾಕೀಟಿನದಾದರೆ ಮೂಲೆಯನ್ನು ಪೂರ್ತಿ ಕತ್ತರಿಸಿ ಹಾಕಬೇಡಿ, ಸೀಳು ಬಿಟ್ಟು ತುದಿ ಅಂಟಿಕೊಂಡಿರಲಿ. ಆ ಚೂರು ಗುಜರಿಗೂ ಹೋಗುವುದಿಲ್ಲ, ಕಸಬರಿಗೆಗೂ ಸಿಗುವುದಿಲ್ಲ. ಪಾಕೀಟನ್ನು ಪಾತ್ರೆ ತೊಳೆಯುವ ನೀರಿನಲ್ಲೇ ಜಾಲಾಡಿ ಒಣಗಿಸಿ ಕೂಡಿಟ್ಟರೆ ರದ್ದಿಯವನು ತೂಕಕ್ಕೆ ಕೊಳ್ಳುತ್ತಾನೆ.

ಹಳೆಯ ಬಟ್ಟೆ: ಬೋಗಾಣಿ ಕೊಟ್ಟು ಸೀರೆ ಒಯ್ಯುವವರಿಗೆ ಹಾಕುವುದು, ಇಲ್ಲವೇ ಕೌದಿ ಹೊಲಿಸುವುದು. ಕೌದಿಗೆ ಹತ್ತಿಯ ಸೀರೆ, ಧೋತರ ಮಾತ್ರ ಆರಿಸಿ. ಪಾಲಿಯೆಸ್ಟರ್ ಸೇರಿಸಿದರೆ ಬೇಸಿಗೆಯಲ್ಲಿ ಹಾಸಿ ಮಲಗಲು ಆಗುವುದಿಲ್ಲ, ಚಳಿಗಾಲದ ಬೀದರಿನಲ್ಲಿ ಹೊದೆಯಲೂ ಜಾರುತ್ತದೆ. ಅಂಥ ಸೀರೆಗಳನ್ನು ಬೋಗಾಣಿಯವರಿಗೇ ಕೊಡಿ, ಅವರ ಕೈಯಿಂದ ಅವು ಹಳೆಯ ಬಟ್ಟೆಯ ಸಂತೆ ಸೇರಿ ಮತ್ತೊಬ್ಬರ ಮೈಮೇಲೆ ಹೋಗುತ್ತವೆ.